ಸರಿಜೋಡಿಯಿದ್ದರೇ ಪಂದ್ಯ ಚೆಂದ



ನಿಮ್ಮಲ್ಲಿ ಎಷ್ಟೋ ಮಂದಿ ಸಂಜೆ ಕರಾಟೆ, ಜೂಡೊ, ಬಾಕ್ಸಿಂಗ್ ಕ್ಲಾಸಿಗೆ ಹೋಗುವವರಿದ್ದೀರಿ. ಪಂದ್ಯದ ಫಾರಂನಲ್ಲಿ ವಯಸ್ಸು, ತೂಕ, ಬೆಲ್ಟಿನ ಬಣ್ಣ ಎಂದು ಕೇಳಿರುತ್ತಾರಲ್ಲ, ಅದರ ಬಗ್ಗೆ ಎರಡು ಮಾತು. ಅಡಿಗೆಮನೆಯ ಹೆಂಗಸಿಗೂ ಹೊಡೆದಾಟದ ಆಟಕ್ಕೂ ಏನು ಸಂಬಂಧವೆಂದು ನಗಬೇಡಿ. ಕಾರಣವಿದೆ.

ಬಹಳ ವರ್ಷಗಳ ಹಿಂದಿನ ಮಾತು. ನಮ್ಮ ಮನೆಯ ಹತ್ತಿರ ಒಂದು ಕರಾಟೆ ಪಂದ್ಯ ಏರ್ಪಾಡಾಗಿತ್ತು. ನನ್ನ ಮಗನಿಗೆ ಹನ್ನೆರಡು ತುಂಬಿ ಮೂರು ವಾರವಾಗಿತ್ತು. ಹನ್ನೆರಡರೊಳಗಿನ ಗುಂಪಿಗೆ ಸೇರಿಸಿದರೆ ಪದಕ ಖಂಡಿತ ಎಂದರು ಯಾರೋ. ಮೂರು ವಾರ ತಾನೇ ಎಂದು ನಾನೇ ಹುಟ್ಟಿದ ತಿಂಗಳನ್ನು ಬದಲಿಸಿ ಬರೆದೆ. ಯಾರೂ ಸರ್ಟಿಫಿಕೇಟ್ ಕೇಳಲಿಲ್ಲ, ತೂಕವನ್ನೂ ನೋಡಲಿಲ್ಲ. ಎದುರಿಗೆ ಬಂದವನು ಹತ್ತು ವರ್ಷದ ಸಣಕಲು ಹುಡುಗ, ಆಗತಾನೆ ಕಲಿಯಲು ತೊಡಗಿದವನು. ಒಂದೇ ಏಟಿಗೆ ಬಿದ್ದ. ಒಡೆದ ತುಟಿಯನ್ನು ಅವನಮ್ಮ ಸೆರಗಿನಿಂದ ಒರೆಸುತ್ತಿದ್ದುದು ಇನ್ನೂ ನನ್ನ ಕಣ್ಣಿಗೆ ಕಟ್ಟಿದಂತಿದೆ. ನಮಗೆ ಪದಕ ಬಂತು. ಆದರೆ ಮಗ ಅದನ್ನು ಗೋಡೆಗೆ ಹಾಕಲು ಬಿಡಲಿಲ್ಲ. "ಅಮ್ಮಾ, ಅವನು ನನ್ನ ಜೋಡಿ ಅಲ್ಲ" ಎಂದ.

'ಜೋಡಿ' ಎಂಬ ಆ ಮಾತನ್ನು ಅವನು ಕಲಿತದ್ದು ಮೈಸೂರಿನ ತಾತನಿಂದ. ದಸರಾ ಕುಸ್ತಿಗೆ ಮೊದಲು ಅಲ್ಲಿ 'ಜೋಡಿ ಕಟ್ಟುವ' ಪದ್ಧತಿಯಿದೆ. ಗರಡಿಮನೆಗಳ ಪೈಲ್ವಾನರು ಬಂದು ಸೇರುತ್ತಾರೆ. ಹಿರಿಯರು ಅವರ ಮೈಕಟ್ಟು, ವಯಸ್ಸು, ಪಳಗಿದ ಮಟ್ಟ ನೋಡಿ ಯಾರಿಗೆ ಯಾರು ಎಂದು ಗೊತ್ತುಮಾಡುತ್ತಾರೆ. ಇಂದಿನ ನಿಯಮಪುಸ್ತಕಗಳು ಹೇಳುವುದೂ ಇದನ್ನೇ.

ಮೊದಲು ತೂಕ. ಕರಾಡದ ಹತ್ತಿರದ ಗೋಳೇಶ್ವರದ ಖಾಶಾಬಾ ಜಾಧವ್ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದರು. ಸ್ವತಂತ್ರ ಭಾರತಕ್ಕೆ ವೈಯಕ್ತಿಕ ಸ್ಪರ್ಧೆಯಲ್ಲಿ ಬಂದ ಮೊದಲ ಪದಕ ಅದು. ಅವರು ಸೆಣಸಿದ್ದು 57 ಕಿಲೋ ವಿಭಾಗದಲ್ಲಿ. ತೂಕದ ವಿಭಾಗಗಳೇ ಇಲ್ಲದಿದ್ದರೆ ಅಂಥ ಸಣ್ಣ ಆಳಿಗೆ ನೂರು ಕಿಲೋ ದೈತ್ಯರ ನಡುವೆ ದಾರಿಯೆಲ್ಲಿತ್ತು? ನಿಯಮ ಎಷ್ಟು ಕಟ್ಟುನಿಟ್ಟೆಂದರೆ, 2024ರ ಪ್ಯಾರಿಸ್‌ನಲ್ಲಿ ವಿನೇಶ್ ಫೋಗಟ್ ಸುಮಾರು ನೂರು ಗ್ರಾಂ ಹೆಚ್ಚಿದ್ದುದಕ್ಕೆ 50 ಕಿಲೋ ಫೈನಲ್ ಆಡಲಾಗಲಿಲ್ಲ. ನಮಗೆಲ್ಲ ಹೊಟ್ಟೆ ಉರಿಯಿತು, ನಿಜ. ಆದರೆ ಒಬ್ಬರಿಗೆ ಸಡಿಲಿಸಿದರೆ ತಕ್ಕಡಿಗೆ ಅರ್ಥವೇನು?

ಎರಡನೆಯದು ವಯಸ್ಸು. ಅಂತರರಾಷ್ಟ್ರೀಯ ಕುಸ್ತಿಯಲ್ಲಿ 15, 17, 20, 23ರೊಳಗಿನವರಿಗೆ ಬೇರೆಬೇರೆ ವಿಭಾಗಗಳಿವೆ. ಆದರೆ ಮಕ್ಕಳು ಬೆಳೆಯುವ ಕಾಲದಲ್ಲಿ ಒಂದೇ ತರಗತಿಯ ಇಬ್ಬರ ನಡುವೆ ಗೇಣುದ್ದದ ವ್ಯತ್ಯಾಸವಿರುತ್ತದೆ. ಆದ್ದರಿಂದ ವಯಸ್ಸೊಂದೇ ಸಾಲದು, ತೂಕವೂ ಬೇಕು.

ಮೂರನೆಯದು ಕಲಿಕೆ. ಜಪಾನಿನ ಕಾನೊ ಜಿಗೊರೊ 1882ರಲ್ಲಿ ಜೂಡೊ ಶಾಲೆ ತೆರೆದು, ಮರುವರ್ಷವೇ ಶಿಷ್ಯರಿಗೆ 'ಡಾನ್' ಎಂಬ ದರ್ಜೆ ಕೊಡತೊಡಗಿದರು. ಬಣ್ಣಬಣ್ಣದ ಬೆಲ್ಟುಗಳು ಆಮೇಲೆ ಬಂದವು. ಬೆಲ್ಟು ಬರೀ ಅಲಂಕಾರವಲ್ಲ, ಎದುರಾಳಿಗೆ ಕೊಡುವ ಮುನ್ಸೂಚನೆ. ಕಪ್ಪು ಬೆಲ್ಟಿನವನು ಬಿಳಿ ಬೆಲ್ಟು ಕಟ್ಟಿ ಹೊಸಬರ ಗುಂಪಿನಲ್ಲಿ ನಿಂತರೆ ಅದು ಮೋಸವೇ.

ನಾಳೆ ನೀವೇ ಪಂದ್ಯ ನಡೆಸುವಾಗ ನೆನಪಿಡಿ. ಜನ್ಮಪತ್ರ ನೋಡಿ, ತಕ್ಕಡಿ ಇಡಿ, ಎಷ್ಟು ದಿನದಿಂದ ಕಲಿಯುತ್ತಿದ್ದಾರೆಂದು ಗುರುಗಳನ್ನು ಕೇಳಿ. ಹನ್ನೊಂದು ಮಂದಿ ಬಂದರೆ ಹದಿನಾರರ ಪಟ್ಟಿ ಮಾಡಿ, ಐವರಿಗೆ ಬೈ ಕೊಟ್ಟು ಮೊದಲ ಸುತ್ತಿನಲ್ಲಿ ಮೂರು ಪಂದ್ಯ ಆಡಿಸಿ. ಗುಂಪಿನಲ್ಲಿ ಮೂವರೇ ಉಳಿದರೆ ಎಲ್ಲರನ್ನೂ ಎಲ್ಲರೊಡನೆ ಆಡಿಸಿ. ಆಗ ಸೋತ ಮಗುವಿಗೂ ಎರಡು ಅವಕಾಶ ಸಿಗುತ್ತದೆ. ಯಾರಿಗೂ ಜೋಡಿ ಸಿಗಲಿಲ್ಲವೆಂದರೆ ಆಡಿಸಬೇಡಿ. ಪದಕಕ್ಕಿಂತ ಮಗುವಿನ ಹಲ್ಲು ದೊಡ್ಡದು.

ಆ ಪದಕ ಇಂದಿಗೂ ನಮ್ಮ ಕಪಾಟಿನ ಒಳಗಿದೆ. ಮಗ ಮುಂದಿನ ವರ್ಷ ತನ್ನ ವಯಸ್ಸಿನವರೊಡನೆ ಆಡಿ ಮೊದಲ ಸುತ್ತಿನಲ್ಲೇ ಸೋತ. ಅವತ್ತು ಮನೆಗೆ ಬಂದವನು ಹೊಟ್ಟೆತುಂಬ ಉಂಡು ನೆಮ್ಮದಿಯಾಗಿ ನಿದ್ದೆ ಮಾಡಿದ.