ಪ್ಲಾಟಿನಂ ಬಿಟ್ಟು ಇದ್ದಿಲು ಹಿಡಿದ ಕಥೆ

ದಡ್ಡಿ ಊರ ಬದಿ ಹರಿಯುವ ಘಟಪ್ರಭೆ ಹಿಡಕಲ್ ಜಲಾಶಯ ದಾಟಿ ಗೋಕಾಕದಲ್ಲಿ 52 ಮೀಟರ್ ಧುಮುಕುತ್ತಾಳೆ. ಆ ಧುಮುಕಿನಿಂದ 1887ರಲ್ಲೇ ವಿದ್ಯುತ್ ತೆಗೆದರು. ಹುಕ್ಕೇರಿ ತಾಲ್ಲೂಕಂತೂ 1969ರಲ್ಲಿ ತನ್ನದೇ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಕಟ್ಟಿಕೊಂಡಿತು. ಬೀಳುವ ನೀರಿನ ಕರೆಂಟು ಈ ಸೀಮೆಗೆ ಹಳೆಯದು. ಕೊಳಚೆಯನ್ನು ತಿಂದು ಶುದ್ಧಿ ಮಾಡುವ ಬ್ಯಾಕ್ಟೀರಿಯಾಗಳಿಂದ ತೆಗೆಯುವ, ನಿಂತ ಕೊಳಚೆಯ ಕರೆಂಟೂ ತೀರಾ ಹೊಸದೇನಲ್ಲ.

1911ರಲ್ಲಿ ಇಂಗ್ಲೆಂಡಿನ ಡರ್ಹಮ್‌ನ ಸಸ್ಯವಿಜ್ಞಾನಿ ಎಂ.ಸಿ. ಪಾಟರ್ ಯೀಸ್ಟು, ಬ್ಯಾಕ್ಟೀರಿಯಾ ಬೆಳೆದ ದ್ರವಕ್ಕೆ ಪ್ಲಾಟಿನಂ ಇಳಿಬಿಟ್ಟು ವಿದ್ಯುತ್ ಅಳೆದರು. ಪ್ಲಾಟಿನಂ ತುಕ್ಕು ಹಿಡಿಯದು ನಿಜ, ಆದರೆ ಆ ಬೆಲೆಗೆ ಕೊಳಚೆ ಶುದ್ಧಿ ಯಾರಿಗೆ ಬೇಕು?

ಮುಂದೆ ಕೆಲವು ಬ್ಯಾಕ್ಟೀರಿಯಾಗಳು ಮಧ್ಯವರ್ತಿ ರಾಸಾಯನಿಕವಿಲ್ಲದೆ ನೇರವಾಗಿ ಎಲೆಕ್ಟ್ರೋಡಿಗೆ ಎಲೆಕ್ಟ್ರಾನ್ ದಾಟಿಸುತ್ತವೆ ಎಂದು ಗೊತ್ತಾಯಿತು. 2002ರಲ್ಲಿ ಕಡಲಿನ ಕೆಸರಿನಲ್ಲಿ ಹೂತ ಗ್ರಾಫೈಟಿನ ಮೇಲೆ ಜಿಯೊಬ್ಯಾಕ್ಟರ್ ಬಳಗದ ಜೀವಿಗಳು ಮುತ್ತಿಕೊಂಡದ್ದು ಕಂಡಿತು. ಅಲ್ಲಿಗೆ ಪ್ರಶ್ನೆಯೇ ಬದಲಾಯಿತು. ಕರೆಂಟು ಹಾಯಿಸಿದರೆ ಸಾಲದು, ಎಲೆಕ್ಟ್ರಾನ್ ಹಿಡಿಯುವ ತುದಿ, ಅಂದರೆ ಆನೋಡು, ಜೀವಿಗಳಿಗೆ ನೆಲೆಯೂ ಆಗಬೇಕು. ಕಾರ್ಬನ್ ಬಟ್ಟೆ, ಫೆಲ್ಟು ಬಂದವು. 2007ರಲ್ಲಿ ಅಮೆರಿಕದ ಬ್ರೂಸ್ ಲೋಗನ್ ತಂಡ ಲೋಹದ ತಂತಿಗೆ ಗ್ರಾಫೈಟ್ ಎಳೆ ಹೊಸೆದು, ಬಾಟಲಿ ತೊಳೆಯುವ ಬ್ರಶ್ಶಿನಂಥ ಆನೋಡು ಮಾಡಿತು. ಇಷ್ಟೇ ಜಾಗದಲ್ಲಿ ಅಷ್ಟೊಂದು ಮೇಲ್ಮೈ! 2015ರಲ್ಲಿ ಜರ್ಮನ್ ಸಂಶೋಧಕರು ತಾಮ್ರದ ಮೇಲೂ ಈ ಜೀವಿಗಳು ಸೊಂಪಾಗಿ ಬೆಳೆಯುತ್ತವೆ ಎಂದು ತೋರಿಸಿದರು. ತಾಮ್ರದ ಕೊಡದ ನೀರು ಕೆಡದು ಎಂದು ನಂಬಿದ ನಮಗೆ ಅಚ್ಚರಿಯೇ.

ನನ್ನನ್ನು ಕೇಳಿದರೆ ನಿಜವಾದ ಗಂಟು ಇರುವುದು ಇನ್ನೊಂದು ತುದಿಯ ಕ್ಯಾಥೋಡಿನಲ್ಲಿ. ಆನೋಡಿನಿಂದ ತಂತಿಯಲ್ಲಿ ಬಂದ ಎಲೆಕ್ಟ್ರಾನನ್ನು ಅಲ್ಲಿ ಆಮ್ಲಜನಕ ಸ್ವೀಕರಿಸಬೇಕು. ಬರೀ ಕಾರ್ಬನ್ ಮೇಲೆ ಆ ಕ್ರಿಯೆ ಬಹಳ ನಿಧಾನ. ಹಾಗಾಗಿ ಪ್ಲಾಟಿನಂ ಅಲ್ಲಿ ಬೇರೂರಿತ್ತು. 2009ರಲ್ಲಿ ಅದೇ ಲೋಗನ್ ಬಳಗ ಸಕ್ರಿಯ ಇದ್ದಿಲನ್ನು ಲೋಹದ ಜಾಲರಿಗೆ ಒತ್ತಿ ಹಚ್ಚಿ, ಅದು ಪ್ಲಾಟಿನಂಗೆ ಸರಿಸಾಟಿ ಎಂದು ತೋರಿಸಿತು. ನೀರಿನ ಫಿಲ್ಟರಿನೊಳಗಿನ ಇದ್ದಿಲಿನ ಜಾತಿಯೇ ಅದು.

ಕಬ್ಬಿನ ಈ ನಾಡಿಗೆ ಇದು ತೀರಾ ಹತ್ತಿರದ ಮಾತು. ಸಂಕೇಶ್ವರದ ಹಿರಣ್ಯಕೇಶಿ ಕಾರ್ಖಾನೆಯಂಥ ಕಡೆ ಸಿಗುವ ಕಬ್ಬಿನ ಸಿಪ್ಪೆಯನ್ನು ಗಾಳಿ ತಾಗದಂತೆ ಸುಟ್ಟು ಇದ್ದಿಲು ಮಾಡಬಹುದು. ಉರಿ ಮಾತ್ರ 800 ಡಿಗ್ರಿ ದಾಟಬೇಕು, ಕಡಿಮೆಯಾದರೆ ಇದ್ದಿಲು ವಿದ್ಯುತ್ತನ್ನು ಸರಿಯಾಗಿ ಹಾಯಿಸದು. ಮನೆ ಬೆಳಗುವ ಆಸೆ ಬೇಡ: ಪ್ರಯೋಗಾಲಯದಲ್ಲೇ ಕ್ಯಾಥೋಡಿನ ಚದರ ಮೀಟರಿಗೆ ಒಂದೆರಡು ವ್ಯಾಟ್ ಸಿಕ್ಕರೆ ಹೆಚ್ಚು. ಲಾಭ ಇರುವುದು ಕೊಳಚೆಗೆ ಗಾಳಿ ಊದುವ ಪಂಪಿನ ಖರ್ಚು ಉಳಿಯುವುದರಲ್ಲಿ. ಕ್ಯಾಥೋಡನ್ನು ಪರೀಕ್ಷಿಸುವುದಾದರೆ ಸಕ್ಕರೆ ಕರಗಿಸಿದ ನೀರಿನಲ್ಲಲ್ಲ, ಡಿಸ್ಟಿಲರಿಯ ಕಡುಗಂದು ತ್ಯಾಜ್ಯದಲ್ಲೇ ತಿಂಗಳುಗಟ್ಟಲೆ ಇಟ್ಟು ನೋಡಬೇಕು. ಲವಣ, ಲೋಳೆ ಕಟ್ಟಿಕೊಂಡು ಅದು ಸೊರಗುವುದು ಆಗಲೇ.