ನಮ್ಮ ಚೀಸೇ ಚೀಸು!

2014ರಲ್ಲಿ ಬ್ರಿಟನ್ನಿನ ಕನ್ಸರ್ವೇಟಿವ್ ಪಕ್ಷದ ಸಮಾವೇಶದಲ್ಲಿ ಆಗಿನ ಪರಿಸರ ಸಚಿವೆ ಲಿಜ್ ಟ್ರಸ್, ದೇಶ ತಿನ್ನುವ ಚೀಸಿನಲ್ಲಿ ಮೂರನೇ ಎರಡು ಪಾಲು ಹೊರಗಿನಿಂದ ಬರುತ್ತಿದೆ, ಇದು ನಾಚಿಕೆಗೇಡು ಎಂದು ಗುಡುಗಿದರು. ಆ ಭಾಷಣದ ತುಣುಕು ಇವತ್ತಿಗೂ ಜನರ ನಗೆಗೆ ಸರಕು. ಆದರೆ ಚೀಸಿನ ಮಾತು ಬಂದರೆ ಯುರೋಪಿನ ಯಾವ ದೇಶವೂ ತಮಾಷೆಗೆ ಒಗ್ಗುವುದಿಲ್ಲ.

ಫ್ರೆಂಚರಂತೂ ಯಾರ ಚೀಸ್ ಮೇಲು ಎಂಬ ಪಂದ್ಯಕ್ಕೆ ತಾವು ಇಳಿಯಬೇಕಾದ ಅಗತ್ಯವೇ ಇಲ್ಲವೆಂದು ನಂಬಿದವರು. ಇನ್ನೂರು ಚಿಲ್ಲರೆ ಬಗೆಯ ಚೀಸ್ ಇರುವ ದೇಶವನ್ನು ಆಳುವುದು ಹೇಗೆ ಎಂದು ಫ್ರೆಂಚ್ ನಾಯಕ ಡಿ ಗಾಲ್ ಕೇಳಿದರಂತೆ. ಸಂಖ್ಯೆ ಮಾತ್ರ ಹೇಳುವವರ ಬಾಯಲ್ಲಿ ಏರಿಳಿಯುತ್ತದೆ. ಮೇಲ್ನೋಟಕ್ಕೆ ಗೋಳು, ಒಳಗೆಲ್ಲ ಜಂಬ. ರೋಕ್‌ಫೋರ್ ಊರಿನ ಗುಹೆಗಳಲ್ಲಿ ಮಾಗಿದ ಕುರಿಹಾಲಿನ ಚೀಸಿಗೆ 1411ರಲ್ಲೇ ರಾಜನಿಂದ ಏಕಸ್ವಾಮ್ಯದ ಸನ್ನದು ಸಿಕ್ಕಿತ್ತು, 1925ರಲ್ಲಿ ಕಾನೂನಿನ ಬೇಲಿಯೂ ಬಿತ್ತು. ಅಲ್ಲಿ ಜಂಬಕ್ಕೆ ಆಧಾರವಾದರೂ ಇದೆ ಅನ್ನೋಣ.

ಕ್ಯಾಮಂಬೇರ್‌ನ ಕತೆ ಬೇರೆ. ಅಂಗೈಯಗಲ, ಕಾಲು ಕಿಲೋ ತೂಕ, ಬೆಳ್ಳನೆಯ ಸಿಪ್ಪೆ, ಒಳಗೆ ಮೆತ್ತನೆಯ ಹಳದಿ ತಿರುಳು. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ತಲೆಮರೆಸಿಕೊಂಡಿದ್ದ ಪಾದ್ರಿಯೊಬ್ಬರಿಂದ ಮರೀ ಹಾರೆಲ್ ಎಂಬ ನಾರ್ಮಂಡಿಯ ರೈತ ಹೆಂಗಸು 1791ರಲ್ಲಿ ಇದರ ಗುಟ್ಟು ಕಲಿತಳೆಂಬುದು ಐತಿಹ್ಯ. 1708ರ ಪುಸ್ತಕವೊಂದರಲ್ಲೇ ಕ್ಯಾಮಂಬೇರ್ ಚೀಸಿನ ಹೆಸರಿದೆ, ಇರಲಿ. ಐತಿಹ್ಯಕ್ಕೆ ಇಸವಿಯ ಹಂಗೇನು! ನಾರ್ಮಂಡಿಯ ಮೂಲೆಯ ಈ ತಿನಿಸನ್ನು ಇಡೀ ದೇಶದ್ದನ್ನಾಗಿ ಮಾಡಿದ್ದು ಪ್ಯಾರಿಸ್ಸಿನ ರೈಲು, 1890ರ ಸುಮಾರಿಗೆ ಬಂದ ತೆಳುಮರದ ಡಬ್ಬಿ, ಆಮೇಲೆ ಮೊದಲ ಮಹಾಯುದ್ಧ. ಕಂದಕದಲ್ಲಿ ಕೂತ ಸೈನಿಕರಿಗೆ ರೇಷನ್ನಿನಲ್ಲಿ ಸಿಕ್ಕ ಚೀಸಿನ ರುಚಿ ಅವರ ಜತೆ ಊರೂರಿಗೆ ಹೋಯಿತು. ಪರಂಪರೆಯ ಗುರುತೆಂದು ಮೆರೆಯುವ ಆ ಬಿಳುಪೂ ಇಪ್ಪತ್ತನೇ ಶತಮಾನದ್ದೇ. ಮೊದಲು ಸಿಪ್ಪೆಯ ಮೇಲೆ ಬರುತ್ತಿದ್ದುದು ನೀಲಿ ಬೆರೆತ ಬೂದು ಬೂಷ್ಟು. ಪ್ರಯೋಗಾಲಯದಲ್ಲಿ ಬೆಳೆಸಿದ ಬಿಳಿ ಬೂಷ್ಟು ಅದನ್ನು ಓಡಿಸಿತು.

ಮರೀ ಹಾರೆಲ್‌ಗೆ ಹೆಸರು ತಂದುಕೊಟ್ಟವನಾದರೂ ಫ್ರೆಂಚನೇ? ಅಲ್ಲ. 1926ರಲ್ಲಿ ಜೋಸೆಫ್ ನಿರಿಮ್ ಎಂಬ ಅಮೆರಿಕದ ವೈದ್ಯ, ಕ್ಯಾಮಂಬೇರ್ ಹಳ್ಳಿಯ ಪಕ್ಕದ ವಿಮೂತಿಯೆ ಪಟ್ಟಣಕ್ಕೆ ಬಂದಿಳಿದ. ತನ್ನ ಹೊಟ್ಟೆಯ ಕಾಯಿಲೆಗೆ ಮದ್ದಾದದ್ದು ಈ ಚೀಸು, ಇದನ್ನು ಮಾಡಿದವಳಿಗೆ ಸ್ಮಾರಕ ಬೇಕೇಬೇಕು ಎಂದು ಕೈಯಿಂದ ಹಣವನ್ನೂ ಹಾಕಿದ. 1928ರಲ್ಲಿ ಮಾಜಿ ಅಧ್ಯಕ್ಷ ಮಿಲ್ಲೆರಾಂ ಬಂದು ಪ್ರತಿಮೆ ಅನಾವರಣ ಮಾಡಿದರು. 1944ರ ಜೂನ್‌ನಲ್ಲಿ ಅಮೆರಿಕದ ಬಾಂಬರ್‌ಗಳು ಪಟ್ಟಣವನ್ನು ನೆಲಸಮ ಮಾಡಿದವು. ಪ್ರತಿಮೆಯ ತಲೆಯೂ ಹೋಯಿತು. ಯುದ್ಧ ಮುಗಿದ ಮೇಲೆ ಹೊಸ ಪ್ರತಿಮೆ ಮಾಡಿಸಿಕೊಟ್ಟವರು ಅಮೆರಿಕದ ಓಹಾಯೋ ರಾಜ್ಯದ ವ್ಯಾನ್ ವರ್ಟ್ ಊರಿನ ಚೀಸ್ ಕಾರ್ಖಾನೆಯ ನಾನೂರು ಕೆಲಸಗಾರರು. ಪೀಠದ ಮೇಲೆ ಹಾಗೆಂದು ಕೆತ್ತಿದೆ. ಫ್ರೆಂಚ್ ಹೆಮ್ಮೆ ಅಮೆರಿಕದ ದುಡ್ಡಿನ ಮೇಲೆ ನಿಂತಿದೆ.

ಹಾಗೆಂದು ಕೈಕೆಲಸವನ್ನು ಹಗುರವಾಗಿ ಕಾಣುವಂತಿಲ್ಲ. ‘ನಾರ್ಮಂಡಿಯ ಕ್ಯಾಮಂಬೇರ್’ ಎಂಬ ಮುದ್ರೆ ಬೇಕಾದರೆ ಹಾಲು ಹಸಿಯದೇ ಆಗಬೇಕು. ಹೆಪ್ಪಾದ ಹಾಲನ್ನು ಸೌಟಿನಲ್ಲಿ ಎತ್ತಿ ಅಚ್ಚಿಗೆ ಇಳಿಸಬೇಕು. ಒಂದು ಸೌಟು ಹಾಕಿ, ನೀರು ಬಸಿಯಲು ನಲವತ್ತು ನಿಮಿಷ ಕಾದು, ಮತ್ತೊಂದು. ಹೀಗೆ ಐದು ಸಲ. ಪಕ್ಕದ ದೊಡ್ಡ ಕಾರ್ಖಾನೆ ಪಾಶ್ಚರೀಕರಿಸಿದ ಹಾಲಿನಲ್ಲಿ ಸಾವಿರಗಟ್ಟಲೆ ಬಿಲ್ಲೆ ಎರಕ ಹೊಯ್ದು, ಡಬ್ಬಿಯ ಮೇಲೆ ‘ನಾರ್ಮಂಡಿಯಲ್ಲಿ ತಯಾರಾದದ್ದು’ ಎಂದು ಬರೆದುಕೊಳ್ಳುತ್ತಿದ್ದ ಕಾಲದಲ್ಲಿ ಹೊಟ್ಟೆ ಉರಿಯದೆ ಇದ್ದೀತೇ? ಈ ಎರಡು ಬಣಗಳ ನಡುವೆ 2018ರಲ್ಲಿ ಆದ ರಾಜಿ 2020ರಲ್ಲಿ ಮುರಿದುಬಿತ್ತು. ಅತಿ ಕಹಿಯಾದ ಚೀಸ್ ಜಗಳಗಳು ಗಡಿಯಾಚೆಯವರೊಡನೆ ಅಲ್ಲ, ಬೇಲಿಯಾಚೆಯವರೊಡನೆ ನಡೆಯುತ್ತವೆ. ರಸಗುಲ್ಲಕ್ಕಾಗಿ ಕಿತ್ತಾಡಿ ಬಂಗಾಳ, ಒಡಿಶಾ ಒಂದೊಂದು ಜಿಐ ಟ್ಯಾಗ್ ಹಂಚಿಕೊಂಡದ್ದನ್ನು ಕಂಡ ನಮಗೆ ಇದೇನೂ ಹೊಸ ನಾಟಕವಲ್ಲ.

ಇಂಗ್ಲೆಂಡಿನಲ್ಲಿ ಇನ್ನೂ ವಿಚಿತ್ರ. ಸ್ಟಿಲ್ಟನ್ ಚೀಸನ್ನು ಡರ್ಬಿಶೈರ್, ಲೆಸ್ಟರ್‌ಶೈರ್, ನಾಟಿಂಗ್‌ಹ್ಯಾಮ್‌ಶೈರ್‌ಗಳಲ್ಲಿ ಮಾತ್ರ ಮಾಡಬಹುದು. ಸ್ಟಿಲ್ಟನ್ ಎಂಬ ಹಳ್ಳಿ ಇರುವುದು ಕೇಂಬ್ರಿಜ್‌ಶೈರ್‌ನಲ್ಲಿ. ಅಲ್ಲಿ ಯಾರಾದರೂ ಸ್ಟಿಲ್ಟನ್ ಮಾಡಿದರೆ ಕಾನೂನುಬಾಹಿರ! ಹಾಲು ಪಾಶ್ಚರೀಕರಿಸಿದ್ದೇ ಆಗಬೇಕೆಂದೂ ನಿಯಮವಿದೆ. ಹಾಗಾಗಿ ಹಳೆಯ ಪದ್ಧತಿಯಂತೆ ಹಸಿ ಹಾಲಿನಲ್ಲಿ ಮಾಡಿದ್ದಕ್ಕೆ ಸ್ಟಿಲ್ಟನ್ ಎನ್ನುವ ಹಾಗಿಲ್ಲ. 2006ರಲ್ಲಿ ಅಂಥದ್ದನ್ನು ಮಾಡಲು ತೊಡಗಿದ ಜೋ ಶ್ನೈಡರ್ ಅದಕ್ಕೆ ಸ್ಟಿಚೆಲ್ಟನ್ ಎಂದು ಹೆಸರಿಟ್ಟರು. ಆತನೂ ಅಮೆರಿಕದವರೇ.

ಸ್ವಿಟ್ಜರ್ಲೆಂಡಿನವರು ತಲೆತಲಾಂತರದ ರಾಷ್ಟ್ರೀಯ ಖಾದ್ಯವೆಂದು ಬಡಿಸುವ, ಕರಗಿಸಿದ ಚೀಸಿನ ಫಾಂಡ್ಯೂ ದೇಶದ ಮೂಲೆಮೂಲೆ ತಲುಪಿದ್ದು 1930ರ ದಶಕದಿಂದೀಚೆಗೆ, ಉಳಿದ ಚೀಸ್ ಖರ್ಚಾಗಲೆಂದು ಸ್ವಿಸ್ ಚೀಸ್ ಒಕ್ಕೂಟ ನಡೆಸಿದ ಪ್ರಚಾರದಿಂದ. ಇಟಲಿಯಲ್ಲಿ ಇಂಥ ಮಾತು ಆಡುವುದು ಅಪಾಯ. ಮುತ್ತಜ್ಜನ ಕಾಲದ ಅಸಲಿ ಪಾರ್ಮೆಸಾನ್ ಈಗ ಸಿಗುವುದು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಎಂದು ಪಾರ್ಮಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಅಲ್ಬರ್ತೊ ಗ್ರಾಂದಿ 2023ರಲ್ಲಿ ಹೇಳಿದ್ದೇ ತಡ, ದೇಶ ಕೆಂಡವಾಯಿತು. ಆತನ ವಾದ ಅರ್ಧ ಕೀಟಲೆ ಅನ್ನಿಸುತ್ತದೆ. ಆದರೆ ವಲಸಿಗರು ಒಯ್ದ ರೂಢಿ ಹೊಸ ನೆಲದಲ್ಲಿ ಹಾಗೇ ಉಳಿದು, ತವರಿನಲ್ಲಿ ಬದಲಾಗುವುದು ಅಪರೂಪವಲ್ಲ.

ಅದಕ್ಕೂ ಮೊದಲು 2019ರಲ್ಲಿ, ಇಟಲಿಯ ಬೆರ್ಗಾಮೊದಲ್ಲೇ ನಡೆದ ವರ್ಲ್ಡ್ ಚೀಸ್ ಅವಾರ್ಡ್ಸ್‌ನಲ್ಲಿ ಅಮೆರಿಕದ ಆರೆಗನ್ ರಾಜ್ಯದ ರೋಗ್ ರಿವರ್ ಬ್ಲೂ, ಅಂಕದಲ್ಲಿ ಸಮವಾಗಿದ್ದ ಪಾರ್ಮೆಸಾನನ್ನು ಹಿಂದಿಕ್ಕಿ ಮೊದಲ ಸ್ಥಾನ ಪಡೆದಿತ್ತು. ಅಮೆರಿಕದವರ ಎದೆ ಉಬ್ಬಿತು, ಅದು ಸಹಜವೇ. ಗ್ರುಯೇರ್ ಎಂಬುದು ಚೀಸಿನ ಒಂದು ಬಗೆಯ ಹೆಸರಷ್ಟೆ, ಯಾವ ದೇಶದವರಾದರೂ ಆ ಹೆಸರಿನಲ್ಲಿ ಮಾರಬಹುದು ಎಂದು ಅಲ್ಲಿನ ಮೇಲ್ಮನವಿ ನ್ಯಾಯಾಲಯ 2023ರಲ್ಲಿ ಎತ್ತಿಹಿಡಿಯಿತು. ಅದರ ಹಿಂದಿನ ವರ್ಷವಷ್ಟೇ ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಗೆದ್ದದ್ದು ಗ್ರುಯೇರ್, ಸ್ವಿಟ್ಜರ್ಲೆಂಡಿನದು.