ಮುಂದ ಹೋಗವ್ವಾ ಅನ್ನುವ ಮುಂಚೆ

ಕಲಬುರಗಿ ಕೋಟೆ ಕಡೆಯಿಂದ ಬಂದ ಮುದುಕಿ ಅಂಗಡಿ ಮುಂದೆ ಕೈ ಚಾಚಿದರೆ ಸಾವ್ಕಾರರ ಉತ್ತರ ಸಿದ್ಧ: 'ಚಿಲ್ಲರ ಇಲ್ಲ, ಮುಂದ ಹೋಗವ್ವಾ.'

ಆದರೆ ಇದೇ ಸಾವ್ಕಾರರು ಆಸ್ತಿ ತೆರಿಗೆಯ ನೂರು ರೂಪಾಯಿಗೆ 3 ರೂಪಾಯಿ ಭಿಕ್ಷುಕರ ಸೆಸ್ ಕಟ್ಟಿ ಬಂದಿರುತ್ತಾರೆ! 1975ರ ಭಿಕ್ಷಾಟನೆ ನಿಷೇಧ ಕಾಯ್ದೆ ಹಾಕಿದ ಕರ ಇದು. ರಸೀದಿ ಓದಿದವರೆಷ್ಟು ಮಂದಿ?

ಭಿಕ್ಷೆ ಈ ಊರಿಗೆ ಹೊಸದಲ್ಲ. ಜಂಗಮ ಕಂತಿಭಿಕ್ಷೆಗೆ ಬಂದರೆ ಮನೆಯಾಕಿ ಮೊರದಲ್ಲಿ ಜೋಳ ತಂದು ಜೋಳಿಗೆಗೆ ಸುರಿಯುತ್ತಿದ್ದಳು. ಫಕೀರನಿಗೆ ರೊಟ್ಟಿ. ಅವರನ್ನು ಯಾರೂ ಕಳ್ಳರಂತೆ ಕಾಣಲಿಲ್ಲ. ಬಂದೇನವಾಜರ ದರ್ಗಾದ ಬಾಗಿಲು, 1822ರಲ್ಲಿ ಲಿಂಗೈಕ್ಯರಾದ ಶರಣಬಸವರ ದಾಸೋಹ, ಎರಡೂ ಹಸಿದವರ ದಿಕ್ಕು. ಬಸವಣ್ಣನವರು ಕಾಯಕ ಮಾಡಿರಿ ಅಂದರು ನಿಜ, ದಾಸೋಹ ಬಿಡಿರಿ ಅನ್ನಲಿಲ್ಲವಲ್ಲ!

ಕಾಯ್ದೆ ಬಂದಮೇಲೆ ಬೇಡುವುದೇ ಗುನ್ಹೆ. ಪೊಲೀಸರು ವಾರಂಟ್ ಇಲ್ಲದೆ ಹಿಡಿಯಬಹುದು. ಹಿಡಿದವರನ್ನು ಇಡುವುದು ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ. ಹೆಸರೇನೋ ಪರಿಹಾರ, 2010ರ ಆಗಸ್ಟಿನಲ್ಲಿ ಬೆಂಗಳೂರಿನ ಕೇಂದ್ರದಲ್ಲಿ ಕೆಲವೇ ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. 2018ರಲ್ಲಿ ದಿಲ್ಲಿ ಹೈಕೋರ್ಟ್ ಅಲ್ಲಿನ ಭಿಕ್ಷಾಟನೆ ಕಾನೂನಿನ ಶಿಕ್ಷೆಯ ಕಲಮುಗಳನ್ನು ರದ್ದು ಮಾಡಿತು. ಅದು ದಿಲ್ಲಿಗಷ್ಟೇ.

ಇತ್ತ ಮುದುಕಿ ಕಮಲಾಪುರ ಬಸ್ಸಿನ ಕಿಟಕಿಗೆ ಕೈ ಒಡ್ಡುತ್ತಾಳೆ. ಕಂಡಕ್ಟರ್ ಸೀಟಿ ಊದುತ್ತಾನೆ. ತಾವು ಕಟ್ಟಿದ 3 ರೂಪಾಯಿಯಲ್ಲಿ ಆಕೆಯ ಪಾಲೆಷ್ಟು ಎಂದು ಪಾಲಿಕೆಯ ಕೌಂಟರಿನಲ್ಲಿ ಸಾವ್ಕಾರರು ಒಮ್ಮೆ ಕೇಳಿ ನೋಡಲಿ. ರಸೀದಿ ಕೈಯಲ್ಲೇ ಇದೆ.